ಹಿಮ ಕಾಣದೆ ಕಳೆದ ಚಳಿಗಾಲ: ಬ್ರಿಟನ್, 2019–20

2020ರ ಮಾರ್ಚ್ 1, ಭಾನುವಾರ. ಹವಾಮಾನದ ಲೆಕ್ಕದಲ್ಲಿ ಬ್ರಿಟನ್ನಿಗೆ ಅಂದೇ ವಸಂತ. ಫೆಬ್ರುವರಿಯಲ್ಲಿ ಹೆಸರು ಪಡೆದ ಮೂರನೇ ಬಿರುಗಾಳಿ ಹೋರ್ಹೆ ಆಗಷ್ಟೇ ದೇಶ ದಾಟುತ್ತಿತ್ತು. ಸೆವರ್ನ್ ಕಣಿವೆಯ ಹೊಲಗಳಲ್ಲಿ ನೀರು ನಿಂತಿತ್ತು. ದಕ್ಷಿಣ ಇಂಗ್ಲೆಂಡಿನಲ್ಲಿ ನವೆಂಬರಿನಿಂದಲೂ ಹಿಮಕ್ಕೆ ಕಾದು ಕೂತಿದ್ದ ಹವಾಮಾನ ಹವ್ಯಾಸಿಗಳ ಪಾಲಿಗೆ ಅದು ಬರಿಗೈಯಲ್ಲಿ ಮುಗಿದ ಋತು. ಇಂಥ ಚಳಿಗಾಲದ ಕೊನೆಗೆ ಅವರ ನಡುವೆ ಮೂರು ಪ್ರಶ್ನೆಗಳು ಏಳುತ್ತವೆ. ಈ ಸಲದ ಚಳಿ ನಿಜಕ್ಕೂ ಅಷ್ಟು ಕಳಪೆಯೇ? ಯಾಕೆ ಹೀಗಾಯಿತು? ಮಾರ್ಚ್‌ನಲ್ಲಾದರೂ ಬಂದೀತೇ?

ಈ ಪ್ರಕರಣವನ್ನು ಕನ್ನಡದಲ್ಲಿ ಬಿಡಿಸಿ ನೋಡಲು ಗಟ್ಟಿ ಕಾರಣವಿದೆ. ಲಂಡನ್ನಿನಲ್ಲಿ ಹಿಮ ಬೀಳದೆ ಹೋದದ್ದಕ್ಕೂ 2019ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದಲ್ಲಿ ಮಳೆ ಬಿಡದೆ ಸುರಿದದ್ದಕ್ಕೂ ಹಿಂದೆ ಒಂದೇ ಸಮುದ್ರ ಇತ್ತು. ಆ ಮಾತಿಗೆ ಆಮೇಲೆ ಬರೋಣ. ಮೊದಲು ಲೆಕ್ಕ.

ಎಷ್ಟು ಕಳಪೆ?

ಇಂಗ್ಲೆಂಡಿನ ಚಳಿಗಾಲವನ್ನು ಅಳೆಯಲು ಹವ್ಯಾಸಿಗಳು ಮೊದಲು ತೆರೆಯುವುದು ಮಧ್ಯ ಇಂಗ್ಲೆಂಡ್ ಉಷ್ಣತೆಯ ಸರಣಿಯನ್ನು. ಎಲ್ಲರ ಬಾಯಲ್ಲೂ ಅದು ಸಿಇಟಿ. ಲ್ಯಾಂಕಷೈರ್, ಲಂಡನ್, ಬ್ರಿಸ್ಟಲ್ ನಡುವಿನ ತ್ರಿಕೋನದಂಥ ಪ್ರದೇಶದ ಸರಾಸರಿ ಇದು. ತಿಂಗಳ ಅಂಕಿಗಳು 1659ರಿಂದ ಸಿಗುತ್ತವೆ, ದಿನದ ಅಂಕಿಗಳು 1772ರಿಂದ. ಉಷ್ಣಮಾಪಕದ ದಾಖಲೆಯಲ್ಲಿ ಇಷ್ಟು ಉದ್ದದ ಸರಣಿ ಜಗತ್ತಿನಲ್ಲಿ ಇನ್ನೊಂದಿಲ್ಲ.

2019ರ ಡಿಸೆಂಬರ್ 5.8, 2020ರ ಜನವರಿ 6.4, ಫೆಬ್ರುವರಿ 6.3 ಡಿಗ್ರಿ. ಇವನ್ನು ಕೂಡಿ ಮೂರರಿಂದ ಭಾಗಿಸುವುದು ಎಲ್ಲರ ಅಭ್ಯಾಸ, ಆದರೆ ತಿಂಗಳುಗಳ ಉದ್ದ ಬೇರೆ ಬೇರೆ. ದಿನಗಳಿಂದ ಗುಣಿಸಿಯೇ ಮಾಡಬೇಕು: 5.8 ಗುಣಿಸು 31, 6.4 ಗುಣಿಸು 31, 6.3 ಗುಣಿಸು 29. ಒಟ್ಟು 560.9. ಅಧಿಕ ವರ್ಷವಾದ್ದರಿಂದ ಭಾಗಿಸಬೇಕಾದದ್ದು 91ರಿಂದ. ಬರುವುದು 6.16, ಅಂದರೆ 6.2. ಇಲ್ಲಿ ಎರಡು ದಾರಿಯ ಉತ್ತರವೂ ಹತ್ತಿರವೇ ಇದೆ. ಮೂರು ತಿಂಗಳುಗಳ ನಡುವೆ ಅಂತರ ಹೆಚ್ಚಿದ್ದ ವರ್ಷಗಳಲ್ಲಿ ಹೀಗಿರುವುದಿಲ್ಲ. ನೂರು ವರ್ಷಗಳ ಪಟ್ಟಿಯಲ್ಲಿ ಸ್ಥಾನ ಹೇಳುವಾಗ 0.05ರ ವ್ಯತ್ಯಾಸವೂ ಎರಡು ಮೂರು ಮೆಟ್ಟಿಲು ಏರಿಸಿ ಇಳಿಸುತ್ತದೆ.

ಇನ್ನು ಯಾವುದಕ್ಕೆ ಹೋಲಿಸಬೇಕು ಎಂಬುದು. ಜಗಳದ ಅರ್ಧ ಪಾಲು ಹುಟ್ಟುವುದೇ ಇಲ್ಲಿ. 1961–90ರ ಚಳಿಗಾಲದ ಸರಾಸರಿ ಸುಮಾರು 4.1 ಡಿಗ್ರಿ. 1981–2010ರದ್ದು 4.5. ಮೊದಲನೆಯದಕ್ಕೆ ಹಿಡಿದರೆ 2019–20 ಎರಡು ಡಿಗ್ರಿಗೂ ಹೆಚ್ಚು ಬೆಚ್ಚಗೆ, ಎರಡನೆಯದಕ್ಕೆ ಹಿಡಿದರೆ 1.7 ಡಿಗ್ರಿ ಬೆಚ್ಚಗೆ. 1962–63ರ ಮೈನಸ್ 0.3 ಡಿಗ್ರಿಯ ಚಳಿಗಾಲವನ್ನು ಕಂಡವರು ಒಂದು ಅಳತೆಗೋಲು ಹಿಡಿದಿರುತ್ತಾರೆ, 2000ದ ನಂತರ ಹವಾಮಾನ ನೋಡಲು ಕಲಿತವರು ಇನ್ನೊಂದನ್ನು. ಇಬ್ಬರೂ ತಪ್ಪಲ್ಲ. ಆದರೆ ಯಾವ ಮೂವತ್ತು ವರ್ಷದ ಸರಾಸರಿ ಎಂದು ಹೇಳದೆ ‘ಸರಾಸರಿಗಿಂತ ಇಷ್ಟು ಹೆಚ್ಚು’ ಎನ್ನುವುದು ಅಳತೆಯ ಪಾವು ತೋರಿಸದೆ ಅಕ್ಕಿ ಮಾರಿದ ಹಾಗೆ.

ಸರಾಸರಿ ಉಷ್ಣತೆಯೊಂದೇ ಸಾಲದು. ಮನೆ ಬಿಸಿ ಮಾಡುವ ಖರ್ಚು ತಿಳಿಯಬೇಕಾದರೆ ಡಿಗ್ರಿ–ದಿನ ಲೆಕ್ಕ ಹಾಕಬೇಕು. ಬ್ರಿಟನ್ನಿನಲ್ಲಿ ಇದಕ್ಕೆ ಹಿಡಿಯುವ ತಳ 15.5 ಡಿಗ್ರಿ. ದಿನದ ಸರಾಸರಿ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಡಿಗ್ರಿ–ದಿನ. 6.2ರ ಸರಾಸರಿಯಲ್ಲಿ ದಿನಕ್ಕೆ 9.3, ತೊಂಬತ್ತೊಂದು ದಿನಕ್ಕೆ ಸುಮಾರು 846. 4.5ರ ಸರಾಸರಿಯಲ್ಲಾದರೆ 1001. ಅಂದರೆ ಮನೆ ಕಾಯಿಸುವ ಅಗತ್ಯ ಶೇ 15ರಷ್ಟು ಕಡಿಮೆ. ಹಿಮಪ್ರಿಯನಿಗೆ ಕಳಪೆ ಎನಿಸಿದ ಋತು ಗ್ಯಾಸ್ ಬಿಲ್ ಕಟ್ಟುವವನಿಗೆ ಹಗುರವಾಗಿತ್ತು.

ಹಿಮದ ದಿನ ಎಣಿಸುವಾಗಲೂ ನಿಯಮವಿದೆ. ಬೆಳಿಗ್ಗೆ 9 ಗಂಟೆಗೆ ಕಣ್ಣೆದುರಿನ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಬಿಳಿಯಾಗಿದ್ದರೆ ಮಾತ್ರ ಅದು ‘ಹಿಮ ನಿಂತ ದಿನ’. ರಾತ್ರಿ ಬಿದ್ದು ಬೆಳಗಾಗುವಷ್ಟರಲ್ಲಿ ಕರಗಿದ್ದು ಲೆಕ್ಕಕ್ಕಿಲ್ಲ. ‘ಹಿಮ ಬಿದ್ದ ದಿನ’ಕ್ಕೆ ಮಳೆಯ ಜೊತೆ ಬೆರೆತ ಹಿಮವೂ ಸಲ್ಲುತ್ತದೆ. ಈ ಎರಡನ್ನು ಕಲಸಿದರೆ ಎದುರುಬದುರು ಊರಿನವರು ಒಂದೇ ರಾತ್ರಿಯ ಬಗ್ಗೆ ಬೇರೆ ಬೇರೆ ಅಂಕಿ ಹೇಳುತ್ತಾರೆ.

ಬ್ರಿಟನ್ ಒಂದೇ ಹೀಗಿರಲಿಲ್ಲ. ಯುರೋಪಿಗೆ ಅದುವರೆಗಿನ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು. 1981–2010ರ ಸರಾಸರಿಗಿಂತ 3.4 ಡಿಗ್ರಿ ಹೆಚ್ಚು. ಹೊಸ ವರ್ಷಕ್ಕೆ ಮಾಸ್ಕೋದ ನಡುಬೀದಿಗೆ ಲಾರಿಗಳಲ್ಲಿ ಕೃತಕ ಹಿಮ ತಂದು ಸುರಿಯಬೇಕಾಯಿತು. ಜರ್ಮನಿಯಲ್ಲಿ ಬಳ್ಳಿಯಲ್ಲೇ ಹೆಪ್ಪುಗಟ್ಟಿದ ದ್ರಾಕ್ಷಿಯಿಂದ ಮಾಡುವ ಐಸ್ ವೈನ್‌ಗೆ ಮೈನಸ್ 7 ಡಿಗ್ರಿಯ ಚಳಿ ಬೇಕು. 2019ರ ಬೆಳೆಗೆ ಅಲ್ಲಿನ ಯಾವ ದ್ರಾಕ್ಷಿ ಸೀಮೆಗೂ ಅದು ಸಿಗಲಿಲ್ಲ.

ಆ ಮೂರು ತಿಂಗಳಲ್ಲಿ ನಡೆದದ್ದು

ಡಿಸೆಂಬರ್ 28ರಂದು ಸ್ಕಾಟ್ಲೆಂಡಿನ ವಾಯವ್ಯ ಮೂಲೆಯ ಅಚ್‌ಫಾರಿಯಲ್ಲಿ 18.7 ಡಿಗ್ರಿ. ಬ್ರಿಟನ್ನಿನ ಡಿಸೆಂಬರ್ ದಾಖಲೆ ಮುರಿಯಿತು. ಅಷ್ಟು ಉತ್ತರದಲ್ಲಿ, ಮಧ್ಯಾಹ್ನದ ಸೂರ್ಯನೂ ದಿಗಂತ ಬಿಟ್ಟು ಹೆಚ್ಚು ಮೇಲೇಳದ ಕಾಲದಲ್ಲಿ ಆ ಶಾಖ ಬಿಸಿಲಿನದ್ದಲ್ಲ. ತೇವದ ಗಾಳಿ ಗುಡ್ಡ ಹತ್ತುವಾಗ ಮಳೆ ಸುರಿಸಿ, ಮೋಡ ಕಟ್ಟುವಾಗ ಹೊರಬಿದ್ದ ಶಾಖವನ್ನು ತನ್ನಲ್ಲೇ ಉಳಿಸಿಕೊಂಡು, ಆಚೆ ಬದಿಗೆ ಒಣಗಾಳಿಯಾಗಿ ಇಳಿಯುವಾಗ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುತ್ತದೆ. ಇದೇ ಫೋನ್ (Föhn) ಗಾಳಿ. ಪಶ್ಚಿಮ ಘಟ್ಟದ ಮಳೆನೆರಳಿನ ಊರುಗಳನ್ನು ಬಲ್ಲವರಿಗೆ ಇದರ ಅರ್ಧ ಕಥೆ ಗೊತ್ತಿರುವಂಥದ್ದೇ.

ಜನವರಿ 20ರಂದು ವೇಲ್ಸ್‌ನ ಮಂಬಲ್ಸ್ ಹೆಡ್‌ನಲ್ಲಿ ವಾಯುಭಾರ 1050.5 ಮಿಲಿಬಾರ್ ಮುಟ್ಟಿತು. ಬ್ರಿಟನ್ನಿನಲ್ಲಿ ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಷ್ಟು ಒತ್ತಡ ದಾಖಲಾಗಿರಲಿಲ್ಲ. ಹೊಸಬರು ಇಲ್ಲಿ ಎಡವುತ್ತಾರೆ: ಹೆಚ್ಚು ಒತ್ತಡ ಎಂದರೆ ಚಳಿ, ಚಳಿ ಎಂದರೆ ಹಿಮ ಎಂದು ಭಾವಿಸುತ್ತಾರೆ. ಮುಖ್ಯವಾದದ್ದು ಒತ್ತಡದ ಗುಡ್ಡ ಎಲ್ಲಿ ಕೂತಿದೆ ಎಂಬುದು. ಅದು ಗ್ರೀನ್‌ಲ್ಯಾಂಡಿನ ಮೇಲೆ ಕೂತರೆ ಉತ್ತರದ ಗಾಳಿ, ಸ್ಕ್ಯಾಂಡಿನೇವಿಯಾದ ಮೇಲೆ ಕೂತರೆ ರಷ್ಯಾದ ಕಡೆಯಿಂದ ಒಣ ಚಳಿಗಾಳಿ. ದಕ್ಷಿಣ ಇಂಗ್ಲೆಂಡಿನ ನೆತ್ತಿಯ ಮೇಲೆಯೇ ಕೂತರೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಕಾರಿನ ಗಾಜು ಕೆರೆಯಬೇಕಾಗುತ್ತದೆ, ಆಕಾಶದಿಂದ ಮಾತ್ರ ಏನೂ ಬೀಳುವುದಿಲ್ಲ. ಜನವರಿಯಲ್ಲಿ ಆದದ್ದು ಇದೇ.

ಫೆಬ್ರುವರಿಗೆ ಅಟ್ಲಾಂಟಿಕ್ ಬಾಗಿಲು ಪೂರ್ತಿ ತೆರೆಯಿತು. 8–9ರಂದು ಕೀರಾ ಬಿರುಗಾಳಿ. ಅದರ ಮುಂದಿನ ಜೆಟ್ ಸ್ಟ್ರೀಮ್, ಅಂದರೆ ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ರಭಸದ ಗಾಳಿ, ಎಷ್ಟು ಬಿರುಸಾಗಿತ್ತೆಂದರೆ ನ್ಯೂಯಾರ್ಕಿನಿಂದ ಹೊರಟ ಬೋಯಿಂಗ್ 747 ಒಂದು ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. 15–16ರಂದು ಡೆನಿಸ್. ಸಾಗರದ ಮೇಲೆ ಅದರ ಕೇಂದ್ರದ ಒತ್ತಡ 920 ಮಿಲಿಬಾರಿಗೆ ಕುಸಿದಿತ್ತು. ದಕ್ಷಿಣ ವೇಲ್ಸ್‌ಗೆ ಮಳೆಯ ಕೆಂಪು ಎಚ್ಚರಿಕೆ ಹೊರಟಿತು. ಹೆರಿಫರ್ಡ್‌ನಲ್ಲಿ ವೈ ನದಿ 17ರಂದು 6.11 ಮೀಟರ್ ಮುಟ್ಟಿ ಹಿಂದಿನ ದಾಖಲೆ ದಾಟಿತು. ಬ್ರಿಟನ್ನಿನ ಫೆಬ್ರುವರಿ ಒಟ್ಟು ಮಳೆ 209.1 ಮಿಲಿಮೀಟರ್, ಸರಾಸರಿಯ ಎರಡು ಪಟ್ಟಿಗೂ ಮಿಕ್ಕಿ. 1990ರ 193.4ರ ದಾಖಲೆ ಹೋಯಿತು.

ಒಂದೇ ಋತುವಿನಲ್ಲಿ 1050ರ ಒತ್ತಡವನ್ನೂ 920ರ ಕುಸಿತವನ್ನೂ ಕಂಡವರು ಅದನ್ನು ‘ನೀರಸ’ ಎಂದರೆ ಒಪ್ಪುವುದು ಕಷ್ಟ. ಹಿಮವೊಂದನ್ನೇ ಅಳತೆ ಮಾಡಿಕೊಂಡರೆ ಉಳಿದದ್ದೆಲ್ಲ ಕಣ್ಣಿಗೆ ಬೀಳದೆ ಹೋಗುತ್ತದೆ.

ಮೇಲಿನ ಸುಳಿ ಬಿಗಿಯಾಗಿತ್ತು

ಉತ್ತರ ಧ್ರುವದ ಮೇಲೆ ಪ್ರತಿ ಚಳಿಗಾಲ ಒಂದು ಸುಳಿ ಕಟ್ಟುತ್ತದೆ. ಸೂರ್ಯ ಮುಳುಗಿದ ಧ್ರುವದ ಮೇಲ್ಗಾಳಿ ತಣ್ಣಗಾಗುತ್ತ ಹೋದಂತೆ ಅದರ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಗಿರಕಿ ಹೊಡೆಯುತ್ತದೆ. ಇದನ್ನು ಅಳೆಯುವ ಜಾಗ ನಿಗದಿಯಾಗಿದೆ: 60 ಡಿಗ್ರಿ ಉತ್ತರ ಅಕ್ಷಾಂಶ, 10 ಮಿಲಿಬಾರ್ ಮಟ್ಟ, ಅಂದರೆ ಸುಮಾರು 30 ಕಿಲೋಮೀಟರ್ ಎತ್ತರ. ಭೂಮಿಯ ಸುತ್ತ ಆ ಅಕ್ಷಾಂಶದ ಗಾಳಿಯ ಸರಾಸರಿ ತೆಗೆಯುತ್ತಾರೆ. ನಡುಚಳಿಗಾಲದಲ್ಲಿ ಸೆಕೆಂಡಿಗೆ 30 ಮೀಟರ್ ಆಸುಪಾಸು ಇರುವುದು ಸಾಮಾನ್ಯ. 2020ರ ಫೆಬ್ರುವರಿಯಲ್ಲಿ ಅದು 50 ದಾಟಿತ್ತು. ಜನವರಿಯಿಂದ ಮಾರ್ಚ್‌ವರೆಗಿನ ಸರಾಸರಿ ತೆಗೆದರೆ, 1979ರ ನಂತರದ ದಾಖಲೆಯಲ್ಲಿ ಅಷ್ಟು ಬಲವಾದ ಸುಳಿ ಇಲ್ಲ.

ಸುಳಿ ಬಿಗಿಯಾದರೆ ಚಳಿ ಧ್ರುವದ ಬಳಿಯೇ ಬಂಧಿ. ಅದರ ಪರಿಣಾಮ ಕೆಳಗಿಳಿದಾಗ ಐಸ್‌ಲ್ಯಾಂಡಿನ ಬಳಿ ಒತ್ತಡ ಇನ್ನೂ ಕುಸಿಯುತ್ತದೆ, ದಕ್ಷಿಣಕ್ಕೆ ಅಟ್ಲಾಂಟಿಕ್ಕಿನ ಅಝೋರ್ಸ್ ದ್ವೀಪಗಳ ಬಳಿ ಏರುತ್ತದೆ, ನಡುವಿನ ಪಶ್ಚಿಮ ಗಾಳಿ ಜೋರಾಗುತ್ತದೆ. ಆ ಗಾಳಿ ಬರುವುದು ನೂರಾರು ಮೈಲಿ ಬೆಚ್ಚಗಿನ ಸಾಗರದ ಮೇಲೆ ಹಾದು. ಬ್ರಿಟನ್ನಿನ ಪಶ್ಚಿಮ ಕಡಲು ಫೆಬ್ರುವರಿಯಲ್ಲೂ 8ರಿಂದ 10 ಡಿಗ್ರಿ ಇರುತ್ತದೆ. ಆರ್ಕ್ಟಿಕ್ ಆಂದೋಲನದ ಸೂಚ್ಯಂಕ ಈ ಸ್ಥಿತಿಯನ್ನು ಒಂದೇ ಅಂಕಿಯಲ್ಲಿ ಹೇಳುತ್ತದೆ. 2020ರ ಫೆಬ್ರುವರಿ 10ರಂದು ಅದು 6 ದಾಟಿತು. 1950ರಿಂದ ಇಡುತ್ತಿರುವ ದಿನದ ದಾಖಲೆಯಲ್ಲೇ ಅದು ಗರಿಷ್ಠ. ಹೋಲಿಕೆಗೆ 2010ರ ಫೆಬ್ರುವರಿ: ತಿಂಗಳ ಸರಾಸರಿಯೇ ಮೈನಸ್ 4ರ ಕೆಳಗೆ, ಆ ಚಳಿಗಾಲದ ಸಿಇಟಿ 2.4.

ಸುಳಿ ಒಡೆಯಬೇಕಾದರೆ ಕೆಳಗಿನ ವಾತಾವರಣದಿಂದ ದೊಡ್ಡ ಅಲೆಗಳು ಮೇಲೇರಿ ಅದನ್ನು ಗುದ್ದಬೇಕು. ಗುದ್ದು ಸಾಕಷ್ಟು ಬಲವಾಗಿದ್ದರೆ 10 ಮಿಲಿಬಾರಿನ ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಬೀಸುತ್ತದೆ, ಧ್ರುವದ ಮೇಲೆ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಶಾಖ ಏರುತ್ತದೆ. ಇದನ್ನೇ ಹಠಾತ್ ಸ್ಟ್ರಾಟೋಸ್ಫಿಯರ್ (ವಾತಾವರಣದ ಮೇಲಿನ ಸ್ತರ) ತಾಪನ ಎನ್ನುವುದು. 2019–20ರಲ್ಲಿ ಅದು ಆಗಲೇ ಇಲ್ಲ. ಮೇಲೇರಿದ ಅಲೆಗಳಲ್ಲಿ ಹಲವು ಸುಳಿಯನ್ನು ಒಡೆಯದೆ, ಗೋಡೆಗೆ ಬಡಿದ ಚೆಂಡಿನಂತೆ ಕೆಳಕ್ಕೆ ಮರಳಿದವು.

ಅರಬ್ಬಿ ಸಮುದ್ರದ ಪಾಲು

ಸುಳಿ ಅಷ್ಟೊಂದು ಬಿಗಿಯಾಗಲು ಏನು ಕಾರಣ? ಉತ್ತರದ ದೊಡ್ಡ ತುಂಡು ಹಿಂದೂ ಮಹಾಸಾಗರದಲ್ಲಿದೆ.

ಆ ಸಾಗರದ ಪಶ್ಚಿಮ ಭಾಗದ ಮೇಲ್ಮೈ ಉಷ್ಣತೆಯಿಂದ ಪೂರ್ವ ಭಾಗದ್ದನ್ನು ಕಳೆದರೆ ಬರುವುದು ಹಿಂದೂ ಮಹಾಸಾಗರ ದ್ವಿಧ್ರುವದ ಸೂಚ್ಯಂಕ, ಐಒಡಿ. ಪಶ್ಚಿಮದ ಚೌಕ 50ರಿಂದ 70 ಡಿಗ್ರಿ ಪೂರ್ವ ರೇಖಾಂಶ, ಸಮಭಾಜಕದ ಆಚೆ ಈಚೆ 10 ಡಿಗ್ರಿ. ಪೂರ್ವದ ಚೌಕ ಸುಮಾತ್ರಾದ ಪಕ್ಕ, 90ರಿಂದ 110 ಡಿಗ್ರಿ, ಸಮಭಾಜಕದಿಂದ ದಕ್ಷಿಣಕ್ಕೆ 10. ವ್ಯತ್ಯಾಸವು ತನ್ನ ಸಾಮಾನ್ಯ ಮಟ್ಟಕ್ಕಿಂತ 0.4 ಡಿಗ್ರಿ ಮೀರಿ ನಿಂತರೆ ಧನ ಐಒಡಿ ಎನ್ನುತ್ತಾರೆ. 2019ರ ಅಕ್ಟೋಬರಿನಲ್ಲಿ ವಾರದ ಅಂಕಿ 2 ಡಿಗ್ರಿ ಮೀರಿತ್ತು.

ಆ ವರ್ಷ ನಮ್ಮಲ್ಲಿ ಏನಾಯಿತು ಎಂಬುದು ಕನ್ನಡಿಗರಿಗೆ ನೆನಪಿದೆ. ಮುಂಗಾರು ಹಿಂದೆ ಸರಿಯಲು ಶುರುಮಾಡಿದ್ದೇ ಅಕ್ಟೋಬರ್ 9ಕ್ಕೆ. ಅಷ್ಟು ತಡ ಹಿಂದೆಂದೂ ಆಗಿರಲಿಲ್ಲ. ದೇಶದ ಒಟ್ಟು ಮುಂಗಾರು ಮಳೆ ದೀರ್ಘಾವಧಿ ಸರಾಸರಿಯ ಶೇ 110. ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು ನೀರಿನಲ್ಲಿ ನಿಂತವು. ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕಕ್ಕೆ ಮತ್ತೆ ಪ್ರವಾಹ. ತಿಂಗಳ ಕೊನೆಗೆ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಎದ್ದಿತು, ಬೆನ್ನಿಗೇ ಮಹಾ. ಪ್ರವಾಹಕ್ಕೆ ಐಒಡಿ ಒಂದೇ ಕಾರಣ ಎನ್ನಲಾಗದು. ಆಗಸ್ಟ್‌ನ ಮಳೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೂ ಘಟ್ಟದ ಮೇಲಿನ ಗಾಳಿಯೂ ಸೇರಿದ್ದವು. ಬೆಚ್ಚಗಿನ ಸಮುದ್ರ ಅದಕ್ಕೆ ತೇವ ಒದಗಿಸಿತು.

ಅದೇ ಬಿಸಿ ನೀರಿನ ಮೇಲೆ ಎದ್ದ ದಟ್ಟ ಮೋಡಗಳು ಮೇಲಿನ ವಾತಾವರಣಕ್ಕೆ ಅಪಾರ ಶಾಖ ಸುರಿದವು. ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ ಅಲ್ಲಿಂದ ಅಲೆಗಳ ಸಾಲೊಂದು ಏಷ್ಯಾ, ಪೆಸಿಫಿಕ್ ದಾಟಿ ಅಟ್ಲಾಂಟಿಕ್ ಮುಟ್ಟಿತು. ಇದು ಕೆಳದಾರಿ. ಇನ್ನೊಂದು ಮೇಲ್ದಾರಿ: ಅಲಾಸ್ಕಾ ಬಳಿಯ ಅಲ್ಯೂಷಿಯನ್ ಪ್ರದೇಶದಲ್ಲಿ ಒತ್ತಡದ ವಿನ್ಯಾಸ ಬದಲಾಗಿ, ಸುಳಿಯನ್ನು ಗುದ್ದಬೇಕಿದ್ದ ಅಲೆಗಳ ಬಲ ಕುಗ್ಗಿತು, ಸುಳಿ ಗಟ್ಟಿಯಾಯಿತು. ಬ್ರಿಟನ್ನಿನ ಹವಾಮಾನ ಇಲಾಖೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂದೂ ಮಹಾಸಾಗರದ ಆರಂಭಿಕ ಸ್ಥಿತಿಯನ್ನು ಬದಲಿಸಿ ಹವಾಮಾನದ ಕಂಪ್ಯೂಟರ್ ಮಾದರಿ ಓಡಿಸಿ ನೋಡಿದರು. ಆಗ ಕಂಡದ್ದು ಈ ಎರಡು ದಾರಿಗಳೇ. ಹಲವು ಋತು ಮುನ್ಸೂಚನೆ ಮಾದರಿಗಳು ಆ ಚಳಿಗಾಲದ ಪಶ್ಚಿಮ ಗಾಳಿಯನ್ನು ಮುಂಚಿತವಾಗಿ ಸರಿಯಾಗಿ ಹಿಡಿದಿದ್ದವು.

ಡಿಸೆಂಬರ್ ಕೊನೆಗೆ ಐಒಡಿ ಇಳಿದುಹೋಯಿತು. ‘ಕಾರಣ ಹೋದ ಮೇಲೂ ಫೆಬ್ರುವರಿ ಯಾಕೆ ಹಾಗೆಯೇ ಇತ್ತು’ ಎಂಬ ಪ್ರಶ್ನೆ ಸರಿಯಾದದ್ದೇ. ಮೇಲಿನ ಸ್ತರದಲ್ಲಿ ಆದ ಬದಲಾವಣೆ ನಿಧಾನಕ್ಕೆ ಕರಗುತ್ತದೆ. ಅದರ ಛಾಯೆ ಕೆಳಗೆ ಎರಡು ತಿಂಗಳವರೆಗೂ ಉಳಿಯಬಲ್ಲದು. ಒಲೆ ಆರಿದ ಮೇಲೂ ಕಲ್ಲಿನ ಪಾತ್ರೆ ಬಿಸಿ ಉಳಿಸಿಕೊಂಡಂತೆ.

ಮಾರ್ಚ್‌ಗೆ ಆಸೆ ಇಡಬಹುದಿತ್ತೇ?

ಆಸೆ ಹಿಡಿದವರ ಕೈಯಲ್ಲಿ ಎರಡು ಒಳ್ಳೆಯ ಉದಾಹರಣೆಗಳಿದ್ದವು. 2013ರ ಮಾರ್ಚ್ ಸಿಇಟಿ 2.7, ಆ ತಿಂಗಳು ಹಿಂದಿನ ಜನವರಿಗಿಂತಲೂ ತಣ್ಣಗಿತ್ತು. 2018ರಲ್ಲಿ ಫೆಬ್ರುವರಿ ಕೊನೆಯಿಂದ ಪೂರ್ವದ ಗಾಳಿ ನುಗ್ಗಿ ಮಾರ್ಚ್ 1ರಂದು ದೇಶದ ಬಹುಭಾಗ ಹಿಮದಲ್ಲಿ ಹೂತಿತ್ತು. ಹಾಗಾದರೆ 2020ರಲ್ಲಿ ಯಾಕಾಗಬಾರದು?

ಆ ಎರಡು ವರ್ಷಗಳ ಹಿನ್ನೆಲೆ ನೋಡಿದರೆ ಉತ್ತರ ಸಿಗುತ್ತದೆ. 2013ರಲ್ಲಿ ಜನವರಿ ಮೊದಲ ವಾರವೇ ಸುಳಿ ಒಡೆದಿತ್ತು. 2018ರಲ್ಲಿ ಒಡೆದದ್ದು ಫೆಬ್ರುವರಿ 12ಕ್ಕೆ, ಚಳಿ ಬಂದದ್ದು ಎರಡು ವಾರದ ನಂತರ. 2020ರ ಮಾರ್ಚ್ 1ಕ್ಕೆ ಗಾಳಿ ಇನ್ನೂ ಪಶ್ಚಿಮದಿಂದ ಬಿರುಸಾಗಿ ಬೀಸುತ್ತಿತ್ತು. ಅಂದೇ ಒಡೆದಿದ್ದರೂ ಪರಿಣಾಮ ನೆಲ ಮುಟ್ಟಲು ತಿಂಗಳ ನಡುವೆ ಆಗುತ್ತಿತ್ತು. ಅಷ್ಟರಲ್ಲಿ ಬಿಸಿಲಿನ ಬಲ ಬದಲಾಗಿರುತ್ತದೆ. ಲಂಡನ್ನಿನ ಮಧ್ಯಾಹ್ನದ ಸೂರ್ಯ ಡಿಸೆಂಬರ್ 21ಕ್ಕೆ ದಿಗಂತದಿಂದ 15 ಡಿಗ್ರಿ ಎತ್ತರ, ಮಾರ್ಚ್ 1ಕ್ಕೆ 31, ಮಾರ್ಚ್ 20ಕ್ಕೆ 38. ಮಾರ್ಚ್ ಹಿಮ ರಾತ್ರಿ ಬೀಳಬೇಕು, ಬೆಳಿಗ್ಗೆ ಹತ್ತರೊಳಗೆ ನೋಡಿ ಮುಗಿಸಬೇಕು.

ಇನ್ನೊಂದು ಎಚ್ಚರಿಕೆ. ಸುಳಿ ಒಡೆದರೆ ಹಿಮ ಖಚಿತ ಎಂಬುದೂ ಸರಿಯಲ್ಲ. ಮೂರು ಸಲದಲ್ಲಿ ಸುಮಾರು ಎರಡು ಸಲ ಮಾತ್ರ ಬ್ರಿಟನ್ ಕಡೆಗೆ ಚಳಿ ವಾಲುತ್ತದೆ. 2019ರ ಜನವರಿ ಆರಂಭದಲ್ಲಿ ದೊಡ್ಡ ಒಡಕೇ ಆಗಿತ್ತು. ಮುಂದಿನ ತಿಂಗಳು 26ರಂದು ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ 21.2 ಡಿಗ್ರಿ ದಾಖಲಾಯಿತು, ಬ್ರಿಟನ್ನಿನ ಚಳಿಗಾಲದ ದಾಖಲೆ.

ಹವಾಮಾನ ಬದಲಾವಣೆಯೇ ಎಲ್ಲಕ್ಕೂ ಕಾರಣ ಎನ್ನುವವರ ವಾದಕ್ಕೂ ಒಂದು ಮಿತಿ ಹಾಕಬೇಕು. ಹಿನ್ನೆಲೆಯ ಶಾಖ ಏರಿರುವುದು ನಿಜ. ಮೇಲೆ ಕೊಟ್ಟ ಎರಡು ಸರಾಸರಿಗಳ ನಡುವಿನ 0.4 ಡಿಗ್ರಿಯೇ ಸಾಕ್ಷಿ. ಅಂಚಿನಲ್ಲಿದ್ದ ಹಿಮವನ್ನು ಮಳೆ ಮಾಡಲು ಅರ್ಧ ಡಿಗ್ರಿ ಸಾಕು. ಆದರೆ 1868–69ರ ಚಳಿಗಾಲ ಸಿಇಟಿಯಲ್ಲಿ 6.8 ಇತ್ತು, 2019–20ಕ್ಕಿಂತ ಹೆಚ್ಚು. ಒಂದು ನಿರ್ದಿಷ್ಟ ಚಳಿಗಾಲ ಎತ್ತ ಹೋಗುತ್ತದೆ ಎಂಬುದನ್ನು ಗಾಳಿಯ ದಿಕ್ಕು ತೀರ್ಮಾನಿಸುತ್ತದೆ, ಹಿನ್ನೆಲೆಯ ಶಾಖ ಅದರ ಮೇಲೆ ಕೂಡಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಹೇಳಬೇಕು.

ನಕ್ಷೆ ಓದುವಲ್ಲಿ ಆಗುವ ತಪ್ಪುಗಳು

ಅಮೆರಿಕದ ಜಿಎಫ್‌ಎಸ್ ಮಾದರಿ 384 ಗಂಟೆ, ಅಂದರೆ 16 ದಿನ ಮುಂದಿನ ನಕ್ಷೆ ಕೊಡುತ್ತದೆ, ದಿನಕ್ಕೆ ನಾಲ್ಕು ಸಲ. ಅದರಲ್ಲಿ ಹತ್ತನೇ ದಿನಕ್ಕೆ ಸ್ಕ್ಯಾಂಡಿನೇವಿಯಾದ ಮೇಲೆ ಒತ್ತಡದ ಗುಡ್ಡ ಕಂಡಿತು ಎಂದಿಟ್ಟುಕೊಳ್ಳಿ. ಏಳನೇ ದಿನಕ್ಕೆ ಬರುವಷ್ಟರಲ್ಲಿ ಅದು ರಷ್ಯಾದ ಒಳಗೆ ಸರಿದಿರುತ್ತದೆ. ನಾಲ್ಕನೇ ದಿನದ ನಕ್ಷೆಯಲ್ಲಿ ಅದರ ಜಾಗಕ್ಕೆ ಅಟ್ಲಾಂಟಿಕ್ ಕುಸಿತವೊಂದು ಬಂದು ಕೂತಿರುತ್ತದೆ. ಪಶ್ಚಿಮ ಗಾಳಿ ಬಲವಾಗಿರುವ ಚಳಿಗಾಲದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ.

ಒಂದೇ ಓಟದ ನಕ್ಷೆ ನೋಡಿ ನಂಬುವುದು ತಪ್ಪಿನ ಮೂಲ. ಆರಂಭದ ಅಂಕಿಗಳನ್ನು ಚೂರುಪಾರು ಬದಲಿಸಿ ಹತ್ತಾರು ಓಟ ಓಡಿಸುವ ಸಮೂಹ ಮುನ್ಸೂಚನೆಯನ್ನೇ ನೋಡಬೇಕು. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ್ದರಲ್ಲಿ 51 ಓಟಗಳಿವೆ. ಅವುಗಳಲ್ಲಿ ಐದಾರು ಮಾತ್ರ ಚಳಿ ತೋರಿಸಿದರೆ ಹತ್ತಕ್ಕೆ ಒಂದು ಸಾಧ್ಯತೆ. ಅದೇ ಐದಾರು ಮುಂದಿನ ಎರಡು ದಿನದಲ್ಲಿ ಹದಿನೈದು, ಇಪ್ಪತ್ತೈದು ಆದರೆ ಮಾತ್ರ ಮೈ ಎಚ್ಚರವಾಗಬೇಕು.

ಎರಡನೇ ತಪ್ಪು 850 ಮಿಲಿಬಾರ್ ಮಟ್ಟದ ಉಷ್ಣತೆಗೆ ಸಂಬಂಧಿಸಿದ್ದು. ‘ಅಲ್ಲಿ ಮೈನಸ್ 5 ಇದ್ದರೆ ಹಿಮ’ ಎಂಬ ಸೂತ್ರ ಬಾಯಿಪಾಠವಾಗಿದೆ. ಆ ಮಟ್ಟ ಸುಮಾರು 1,450 ಮೀಟರ್ ಎತ್ತರದ್ದು. ಅಲ್ಲಿಂದ ಕೆಳಗೆ ಕಿಲೋಮೀಟರಿಗೆ 6.5 ಡಿಗ್ರಿಯಂತೆ ಏರಿದರೆ ನೆಲದಲ್ಲಿ 4 ಡಿಗ್ರಿಗೂ ಹೆಚ್ಚಾಗುತ್ತದೆ. ಪೂರ್ವದ ಒಣಗಾಳಿಯಲ್ಲಿ ಮೈನಸ್ 5 ನಡೆಯುತ್ತದೆ, ಏಕೆಂದರೆ ನೆಲದ ಬಳಿಯ ಗಾಳಿಯೂ ತಣ್ಣಗೆ, ಒಣಗಿರುತ್ತದೆ. ಅಟ್ಲಾಂಟಿಕ್ ಗಾಳಿಗೆ ಮೈನಸ್ 7, 8 ಬೇಕು, ಅದರಲ್ಲೂ ತಗ್ಗು ಪ್ರದೇಶಕ್ಕೆ ಅದೂ ಅಂಚಿನದ್ದೇ.

ಕೊನೆಯ ತೀರ್ಪು ಕೊಡುವುದು ವೆಟ್ ಬಲ್ಬ್ ಉಷ್ಣತೆ. ಬೀಳುತ್ತಿರುವ ಹಿಮ ಸ್ವಲ್ಪ ಕರಗಿ ಆವಿಯಾಗುತ್ತ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ಎಲ್ಲಿಯವರೆಗೆ ತಣಿಸಬಲ್ಲದು ಎಂಬುದನ್ನು ಇದು ಹೇಳುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಕೈಲೆಕ್ಕ ಸುಲಭ. ಗಾಳಿಯ ಉಷ್ಣತೆಯಿಂದ ಇಬ್ಬನಿ ಬಿಂದುವನ್ನು (ಗಾಳಿಯ ತೇವ ನೀರಾಗತೊಡಗುವ ಉಷ್ಣತೆ) ಕಳೆಯಿರಿ, ಬಂದದ್ದನ್ನು 0.4ರಿಂದ ಗುಣಿಸಿ, ಅದನ್ನು ಗಾಳಿಯ ಉಷ್ಣತೆಯಿಂದ ಕಳೆಯಿರಿ. ಗಾಳಿ 3 ಡಿಗ್ರಿ, ಇಬ್ಬನಿ ಬಿಂದು ಮೈನಸ್ 3 ಇದ್ದರೆ ವ್ಯತ್ಯಾಸ 6, ಗುಣಿಸಿದರೆ 2.4, ವೆಟ್ ಬಲ್ಬ್ 0.6. ಹಿಮ ಬಿದ್ದೀತು, ಜೋರಾದರೆ ನಿಂತೀತು. ಗಾಳಿ ಅದೇ 3 ಡಿಗ್ರಿ, ಇಬ್ಬನಿ ಬಿಂದು 2 ಇದ್ದರೆ ವೆಟ್ ಬಲ್ಬ್ 2.6. ಬರೀ ಮಳೆ. ಉಷ್ಣಮಾಪಕ ಎರಡೂ ಕಡೆ ಒಂದೇ ಅಂಕಿ ತೋರಿಸುತ್ತದೆ, ಒಂದು ಊರು ಬಿಳಿಯಾಗುತ್ತದೆ, ಇನ್ನೊಂದು ನೆನೆಯುತ್ತದೆ. 2020ರ ಫೆಬ್ರುವರಿಯ ಪಶ್ಚಿಮ ಗಾಳಿ ತಗ್ಗು ಪ್ರದೇಶಗಳಲ್ಲಿ ಈ ಎರಡನೇ ಬಗೆಯದು.

ಹಾಗಾಗಿ ಋತುವಿನ ಕೊನೆಯಲ್ಲಿ ‘ಇನ್ನೂ ಆಸೆ ಇದೆಯೇ’ ಎಂದು ನೋಡುವವರು ಈ ಅನುಕ್ರಮ ಹಿಡಿದರೆ ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ಮೊದಲು 10 ಮಿಲಿಬಾರಿನ ಗಾಳಿ. ಅದು 20ರ ಕೆಳಗಿಳಿದು ಸೊನ್ನೆಯತ್ತ ಹೊರಟಿದೆಯೇ? ಇಲ್ಲವಾದರೆ ವಾರಕ್ಕೊಮ್ಮೆ ನೋಡಿದರೆ ಸಾಕು. ಹೌದಾದರೆ ಗ್ರೀನ್‌ಲ್ಯಾಂಡ್ ಮತ್ತು ಸ್ಕ್ಯಾಂಡಿನೇವಿಯಾದ ಒತ್ತಡ ಸಮೂಹ ಮುನ್ಸೂಚನೆಯಲ್ಲಿ ಹೇಗಿದೆ ಎಂಬುದು. ಅದೂ ಕೂಡಿಬಂದರೆ ಐದು ದಿನ ಉಳಿದಾಗ 850 ಮಿಲಿಬಾರಿನ ಉಷ್ಣತೆ, ಒಂದು ದಿನ ಉಳಿದಾಗ ಇಬ್ಬನಿ ಬಿಂದು. ಹವ್ಯಾಸಿಗಳಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲೇ ಹಿಮದ ನಕ್ಷೆ ತೆರೆದು ಕೂರುತ್ತಾರೆ.

ಆಮೇಲೆ

ಸುಳಿ ಮಾರ್ಚ್‌ನಲ್ಲೂ ಒಡೆಯಲಿಲ್ಲ. ಅದರೊಳಗೆ ಬಂಧಿಯಾದ ಚಳಿ ಎಷ್ಟಿತ್ತೆಂದರೆ ಆರ್ಕ್ಟಿಕ್ ಮೇಲೆ ಓಝೋನ್ ನಾಶವಾಗಿ ಮಾರ್ಚ್ 12ರಂದು 205 ಡಾಬ್ಸನ್ (ಓಝೋನ್ ಅಳೆಯುವ ಮಾನ) ಮಟ್ಟಕ್ಕೆ ಇಳಿಯಿತು. ಉತ್ತರ ಧ್ರುವದ ಮೇಲೆ ಅಂಥ ಇಳಿತ ಬಹಳ ಅಪರೂಪ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಗೆ ಮಳೆ ನಿಂತು ಒಣಹವೆ ನೆಲೆಸಿತು. ಆ ವಸಂತ ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಲು ಕಂಡಿತು, 626 ಗಂಟೆ. ಫೆಬ್ರುವರಿಯಲ್ಲಿ ನೀರು ನಿಂತ ಹೊಲಗಳಲ್ಲೇ ಮೇ ತಿಂಗಳಿಗೆ ಮಣ್ಣು ಬಿರುಕು ಬಿಡತೊಡಗಿತ್ತು.

ಮುಂದಿನ ಚಳಿಗಾಲ ಇದೇ ಅನುಕ್ರಮಕ್ಕೆ ಪರೀಕ್ಷೆಯಾಯಿತು. 2021ರ ಜನವರಿ 5ರಂದು 10 ಮಿಲಿಬಾರಿನ ಗಾಳಿ ಸೊನ್ನೆ ದಾಟಿ ಪೂರ್ವದಿಂದ ಬೀಸತೊಡಗಿತು. ಫೆಬ್ರುವರಿ 11ರ ಬೆಳಿಗ್ಗೆ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಉಷ್ಣಮಾಪಕ ಮೈನಸ್ 23.0 ತೋರಿಸಿತು. ಬ್ರಿಟನ್ನಿನಲ್ಲಿ 1995ರ ನಂತರ ಅಷ್ಟು ಕೆಳಗಿಳಿದದ್ದು ಅದೇ ಮೊದಲು.